ಹಲ್ಲಿಗಳು ಸರಿದು ಕೂರುವುದಿಲ್ಲ

ಮುಂಬೈಯಲ್ಲಿ ಬಾಳಿದವರಿಗೆ ಜಾಗದ ಲೆಕ್ಕವೇ ಬೇರೆ. ಲೋಕಲ್ ರೈಲಿನಲ್ಲಿ ಮೂವರ ಸೀಟಿನ ಮುಂದೆ ನಾಲ್ಕನೆಯವರು ಬಂದು ನಿಂತರೆ ಸಾಕು, ಬಾಯಿ ಬಿಟ್ಟು ಕೇಳಬೇಕಾಗಿಲ್ಲ, ಕೂತವರು ಒಂದಿಷ್ಟು ಸರಿಯುತ್ತಾರೆ. ಅರ್ಧ ಮೈ ಹೊರಗೇ ಉಳಿದರೂ ಅದು ಕೂತ ಲೆಕ್ಕ. ಹೀಗೆ ಸರಿದು ಸರಿದೇ ಬದುಕಿದ ಊರಿನಲ್ಲಿ ಚಿರತೆ ಹಲ್ಲಿ (ಲೆಪರ್ಡ್ ಗೆಕ್ಕೊ, ಮೈಮೇಲೆ ಚಿರತೆಯಂಥ ಚುಕ್ಕೆಗಳಿರುವ ಹಲ್ಲಿ) ಸಾಕುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಮನೆಯಲ್ಲಿ ದೊಡ್ಡದೊಂದು ಇದೆ, ಈಗ ಚಿಕ್ಕದೊಂದು ಬರುತ್ತಿದೆ, ಅದೇ ಪೆಟ್ಟಿಗೆಗೆ ಬಿಡಬಹುದಲ್ಲವೇ?

ಬಿಡಬಾರದು. ಒಂದೇ ಮಾತಿನಲ್ಲಿ ಮುಗಿಯುವ ಉತ್ತರ ಇದು. ಆದರೆ ಆ ಮಾತು ಯಾರಿಗೂ ರುಚಿಸುವುದಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ಮುಗಿದ ಮೇಲೆ ಚಹಾ ಕುಡಿಯುತ್ತ ಒಬ್ಬರು ಕೇಳಿದ್ದರು. ಬೇಡ ಎಂದೆ. "ಅಲ್ಲ ಮೇಡಂ, ಒಂಟಿಯಾಗಿದ್ದರೆ ಅದಕ್ಕೆ ಬೇಸರ ಆಗುವುದಿಲ್ಲವೇ?" ಎಂದರು, ನಾನೇನೋ ಕಟುಕಳು ಎಂಬಂತೆ. ಜನರಿಗೆ ಜಾಗದ ಉಳಿತಾಯಕ್ಕಿಂತ ಹೆಚ್ಚಾಗಿ ಈ ಒಂಟಿತನದ ಚಿಂತೆಯೇ ದೊಡ್ಡದು. ಒಟ್ಟು ಕುಟುಂಬದಲ್ಲಿ ಬೆಳೆದ ನಮಗೆ ಒಬ್ಬರೇ ಇರುವುದು ಶಿಕ್ಷೆಯಾಗಿಯೇ ಕಾಣುತ್ತದೆ. ಹಲ್ಲಿಯ ವಿಷಯದಲ್ಲಿ ತಪ್ಪುವುದು ಅಲ್ಲಿಯೇ.

ಡೊಂಬಿವಲಿಯ ಅಕ್ಕನ ಮನೆಯ ಸಂಗತಿ ಹೇಳುತ್ತೇನೆ. ಅಕ್ಕನ ಮಗನ ಬಳಿ ಬಲಿತ ಹೆಣ್ಣು ಹಲ್ಲಿ ಇದೆ, ಅದರ ಹೆಸರು ಕಡಲೆ. ಅವನ ಗೆಳೆಯನೊಬ್ಬ ಓದಲು ಹೊರದೇಶಕ್ಕೆ ಹೊರಟಾಗ ತನ್ನ ಮರಿಯನ್ನು ಇವನ ಕೈಗಿಟ್ಟು ಹೋದ. ಬೆರಳುದ್ದದ ಮರಿ, ಕಪ್ಪು ಹಳದಿ ಪಟ್ಟೆ. ಅದಕ್ಕೆ ಜೀರಿಗೆ ಎಂದು ಹೆಸರಾಯಿತು. "ಚಿಕ್ಕಮ್ಮ, ಕಡಲೆಯ ಪೆಟ್ಟಿಗೆ ದೊಡ್ಡದೇ ಇದೆಯಲ್ಲ" ಎಂದು ಫೋನು ಬಂತು. "ನಾನು ಬರುವ ತನಕ ಅದನ್ನು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡು" ಎಂದೆ. ಭಾನುವಾರ ಮುಲುಂಡಿನಿಂದ ಸ್ಲೋ ಲೋಕಲ್ ಹಿಡಿದು ಹೋದೆ.

ಅಕ್ಕನ ಮನೆ ಒಂದೇ ಬೆಡ್‌ರೂಮಿನದು. ಟಿವಿಯ ಪಕ್ಕದಲ್ಲಿ ಕಡಲೆಯ ಗಾಜಿನ ಪೆಟ್ಟಿಗೆ. ಸಂಜೆಯ ಹೊತ್ತು, ಇವು ಮೈಮುರಿದು ಎದ್ದು ಓಡಾಡುವ ವೇಳೆ. ಹುಡುಗ ಮರಿಯ ಡಬ್ಬಿಯನ್ನು ಗಾಜಿಗೆ ಆನಿಸಿ ಹಿಡಿದ. ಕಡಲೆ ನಿಂತಲ್ಲೇ ನಿಂತಿತು. ಹೊಟ್ಟೆ ನೆಲದಿಂದ ಮೇಲೆದ್ದಿತು, ತಲೆ ತುಸು ಬಾಗಿತು, ಕಣ್ಣು ಮರಿಯ ಮೇಲೆಯೇ. ಒಂದು ಕಾಲು ಎತ್ತಿ, ಗಾಳಿಯಲ್ಲಿ ತಡೆದು, ಮೆಲ್ಲಗೆ ಮುಂದಿಟ್ಟಿತು. ಆಮೇಲೆ ಬಾಲದ ತುದಿ ಮಾತ್ರ ಎಡಕ್ಕೂ ಬಲಕ್ಕೂ ಥರಥರ ಕಂಪಿಸತೊಡಗಿತು.

"ನೋಡೇ, ಬಾಲ ಅಲ್ಲಾಡಿಸುತ್ತಿದೆ! ಖುಷಿಯಾಗಿದೆ ಅದಕ್ಕೆ" ಎಂದಳು ಅಕ್ಕ.

ನಾನು ಏನೂ ಹೇಳಲಿಲ್ಲ. ಡಬ್ಬಿಯನ್ನು ಬದಿಗಿಡಿಸಿ, ಇಕ್ಕಳದಲ್ಲಿ ಒಂದು ಕ್ರಿಕೆಟ್ ಹುಳುವನ್ನು ಹಿಡಿದು ಕಡಲೆಯ ಮುಂದೆ ಆಡಿಸಿದೆ. ಅದೇ ನಿಲುವು, ಅದೇ ಬಾಗಿದ ತಲೆ, ಬಾಲದ ತುದಿಯ ಅದೇ ನಡುಕ. ಮರುಕ್ಷಣ ಹುಳು ಬಾಯಲ್ಲಿತ್ತು. ಅಕ್ಕ ಒಂದು ಸಲ ಮಗನ ಮುಖ ನೋಡಿದಳು, ಒಂದು ಸಲ ಡಬ್ಬಿ ನೋಡಿದಳು, ಎದ್ದು ಒಳಗೆ ಹೋಗಿ ಕುಕ್ಕರಿನ ಶಿಳ್ಳೆ ಎಣಿಸತೊಡಗಿದಳು.

ಮೊಟ್ಟೆಯಿಂದ ಹೊರಬಂದ ಚಿರತೆ ಹಲ್ಲಿಯ ಮರಿ ಹೆಚ್ಚುಕಡಿಮೆ 3 ಗ್ರಾಂ ತೂಗುತ್ತದೆ. ಬಲಿತದ್ದು 50 ಗ್ರಾಂ ದಾಟುವುದು ಸಾಮಾನ್ಯ, ಉದ್ದ 20 ಸೆಂಟಿಮೀಟರಿನ ಆಸುಪಾಸು. ಇವೆರಡರ ನಡುವೆ ಇರುವುದು ದೊಡ್ಡಣ್ಣ ಚಿಕ್ಕತಮ್ಮನ ಅಂತರವಲ್ಲ, ತಿನ್ನುವವನಿಗೂ ತುತ್ತಿಗೂ ಇರುವ ಅಂತರ. ಇದು ಹುಳು ಹಿಡಿದು ಬದುಕುವ ಪ್ರಾಣಿ. ಕಣ್ಣೆದುರು ಚಲಿಸಿದ್ದು ಬಾಯಿಗೆ ಹಿಡಿಯುವ ಅಳತೆಯದಾಗಿದ್ದರೆ ಹಾರಿ ಹಿಡಿಯುತ್ತದೆ, ಆಮೇಲೆ ಅದು ಏನೆಂದು ನೋಡುತ್ತದೆ. ಇಡೀ ಮರಿಯನ್ನು ನುಂಗದಿದ್ದರೂ ಕಾಲೋ ಬಾಲವೋ ಸಿಕ್ಕಿಬೀಳುತ್ತದೆ. ಬಾಲ ಹೋದರೆ ಮತ್ತೆ ಬರುತ್ತದಲ್ಲ ಎನ್ನುವವರಿದ್ದಾರೆ. ಬರುತ್ತದೆ ನಿಜ. ಆದರೆ ಹೊಸ ಬಾಲದಲ್ಲಿ ಬೆನ್ನುಮೂಳೆಯ ಕೊಂಡಿಗಳಿರುವುದಿಲ್ಲ, ಬರಿಯ ಮೃದ್ವಸ್ಥಿ. ಉಂಗುರಗಳಿಲ್ಲದೆ ನುಣ್ಣಗೆ ಊದಿಕೊಂಡಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಹಲ್ಲಿಗೆ ಕೊಬ್ಬಿನ ಕಣಜ ಇರುವುದೇ ಬಾಲದಲ್ಲಿ. ಬೆಳೆಯುವ ವಯಸ್ಸಿನ ಮರಿ ಬಾಲ ಕಳೆದುಕೊಂಡರೆ ಕೂಡಿಟ್ಟದ್ದೆಲ್ಲ ಒಂದೇ ಏಟಿಗೆ ಹೋಯಿತೆಂದೇ ಲೆಕ್ಕ.

ಕಚ್ಚಾಟವಾದರೆ ಕಣ್ಣಿಗೆ ಕಾಣುತ್ತದೆ, ರಕ್ತ ಬಂದರೆ ಯಾರಾದರೂ ಬೇರೆ ಮಾಡಿಯೇ ಮಾಡುತ್ತಾರೆ. ನನಗೆ ಹೆಚ್ಚು ಅಂಜಿಕೆ ಇರುವುದು ಸದ್ದಿಲ್ಲದೆ ನಡೆಯುವುದರ ಬಗ್ಗೆ. ಪೆಟ್ಟಿಗೆಯಲ್ಲಿ ಎರಡು ಹಲ್ಲಿಗಳು ಒಂದರ ಮೇಲೊಂದು ಮಲಗಿರುವ ಫೋಟೋಗಳು ನನ್ನ ಮೊಬೈಲಿಗೆ ಬರುತ್ತಲೇ ಇರುತ್ತವೆ, ಜೊತೆಗೆ ಕೆಂಪು ಹೃದಯದ ಚಿತ್ರ. "ನೋಡಿ, ತಬ್ಬಿಕೊಂಡಿವೆ!" ಹಲ್ಲಿ ತನ್ನ ಮೈಯೊಳಗೆ ಕಾವು ಹುಟ್ಟಿಸಿಕೊಳ್ಳುವ ಪ್ರಾಣಿಯಲ್ಲ. ತಿಂದದ್ದು ಅರಗಬೇಕಾದರೆ ಹೊಟ್ಟೆಗೆ ಹೊರಗಿನ ಶಾಖ ತಾಗಬೇಕು. ಪೆಟ್ಟಿಗೆಯಲ್ಲಿ 32 ಡಿಗ್ರಿಯ ಜಾಗ ಒಂದೇ ಒಂದು ಇದ್ದರೆ ಎರಡೂ ಅಲ್ಲಿಗೇ ಬರುತ್ತವೆ. ಬಲವುಳ್ಳದ್ದು ಮೇಲೆ ಹತ್ತಿ ಕೂರುತ್ತದೆ, ಇಲ್ಲದ್ದು ಕೆಳಗೆ ಬೀಳುತ್ತದೆ, ಅಥವಾ ತಣ್ಣಗಿನ ಮೂಲೆಗೆ ಹೋಗಿ ಸುಮ್ಮನಿರುತ್ತದೆ. ಸುಮ್ಮನಿರುವ ಪ್ರಾಣಿಯನ್ನು ನಾವು ಸಾಧು ಎಂದು ಮೆಚ್ಚಿಕೊಳ್ಳುತ್ತೇವೆ. ಮೇಲಾಗಿ ಈ ಹಲ್ಲಿಯ ಬಾಯಿಯ ಗೆರೆ ಹುಟ್ಟಿನಿಂದಲೇ ಮೇಲಕ್ಕೆ ತಿರುಗಿದೆ. ಹಸಿದಿದ್ದರೂ ನಗುಮುಖವೇ, ಸಾಯುವಾಗಲೂ ನಗುಮುಖವೇ. ಮನೆಯ ಗೋಡೆಯ ಹಲ್ಲಿಗಿಲ್ಲದ ರೆಪ್ಪೆಗಳು ಬೇರೆ ಇದಕ್ಕಿವೆ, ಕಣ್ಣು ಮಿಟುಕಿಸುತ್ತದೆ. ಮನುಷ್ಯರು ಮೋಸಹೋಗಲು ಇಷ್ಟು ಸಾಕು.

ಅಂಥ ಪೆಟ್ಟಿಗೆಯಲ್ಲಿ ಚಿಕ್ಕದು ಸೊರಗುತ್ತಿದೆ ಎಂಬುದು ಗೊತ್ತಾಗುವುದಾದರೂ ಹೇಗೆ? ಒಂಟಿ ಹಲ್ಲಿಯ ಲೆಕ್ಕ ಸುಲಭ. ಹಾಕಿದ ಹುಳು ಎಷ್ಟು, ಉಳಿದದ್ದು ಎಷ್ಟು, ಹಿಕ್ಕೆ ಹಾಕಿದೆಯೋ ಇಲ್ಲವೋ. ಇವು ಬಹಳ ಅಚ್ಚುಕಟ್ಟು, ಒಂದೇ ಮೂಲೆಯಲ್ಲಿ ಹಿಕ್ಕೆ ಹಾಕುತ್ತವೆ. ಎರಡಿದ್ದರೆ ಆ ಮೂಲೆಯಲ್ಲಿ ಬಿದ್ದದ್ದು ಯಾರದು? ಹತ್ತು ಹುಳುಗಳಲ್ಲಿ ದೊಡ್ಡದು ಎಂಟು ತಿಂದಿತೋ ಹತ್ತೂ ತಿಂದಿತೋ? ಪೊರೆಯ ಕಥೆಯೂ ಹೀಗೆಯೇ. ಚಿರತೆ ಹಲ್ಲಿ ಬಿಟ್ಟ ಪೊರೆಯನ್ನು ತಾನೇ ಎಳೆದು ತಿಂದುಬಿಡುತ್ತದೆ, ಗುರುತೂ ಉಳಿಯುವುದಿಲ್ಲ. ಮರಿಯ ಬೆರಳ ತುದಿಯಲ್ಲಿ ಹಳೆಯ ಪೊರೆ ಉಂಗುರದಂತೆ ಬಿಗಿದು ಉಳಿದಿದ್ದರೆ, ರಕ್ತ ಓಡದೆ ಬೆರಳೇ ಉದುರುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ನೋಡಬೇಕಾದರೆ ಯಾವುದು ಯಾವಾಗ ಪೊರೆ ಬಿಟ್ಟಿತೆಂದು ತಿಳಿದಿರಬೇಕು.

ಊಟದ ಕ್ರಮವೂ ಬೇರೆ. ಮರಿಗೆ ದಿನಾಲೂ ಬೇಕು, ಸಣ್ಣ ಹುಳು ಬೇಕು. ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪಗಿರಬಾರದು. ಬಲಿತದ್ದಕ್ಕೆ ಎರಡು ಮೂರು ದಿನಕ್ಕೊಮ್ಮೆ ದೊಡ್ಡ ಹುಳು ಸಾಕು, ದಿನಾ ಕೊಟ್ಟರೆ ಬೊಜ್ಜು. ಎಲ್ಲಕ್ಕೂ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು. ಅದು ತಪ್ಪಿದರೆ ಮೊದಲು ಮೆತ್ತಗಾಗುವುದು ಬೆಳೆಯುತ್ತಿರುವ ಮರಿಯ ಮೂಳೆ, ದವಡೆ ಬಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಒಂದೇ ತಟ್ಟೆಯಲ್ಲಿ ಇಬ್ಬರಿಗೆ ಬಡಿಸಿ ಯಾರ ಪಾಲು ಯಾರಿಗೆ ಹೋಯಿತೆಂದು ಊಹಿಸುತ್ತ ಕೂರುವ ಸಾಕಣೆ ನನಗೆ ಒಗ್ಗುವುದಿಲ್ಲ. ನಾನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬಟ್ಟಲಿಟ್ಟು ವಾರಕ್ಕೊಮ್ಮೆ ಪ್ರತಿಯೊಂದನ್ನೂ ತೂಗಿ ಬರೆದಿಡುತ್ತೇನೆ. (ಆ ತಕ್ಕಡಿಯಲ್ಲಿ ಹಿಟ್ಟು ತೂಗುವುದನ್ನು ಅತ್ತೆ ಬಿಟ್ಟೇಬಿಟ್ಟರು. ಅದು ಬೇರೆ ಜಗಳ.)

ಇನ್ನು ಕೆಲವರು ಹೇಳುತ್ತಾರೆ: ಗಂಡುಗಂಡು ಜಗಳಾಡುತ್ತವೆ, ಒಪ್ಪಿದೆವು, ಎರಡೂ ಹೆಣ್ಣಾದರೆ ತೊಂದರೆಯಿಲ್ಲ. ಇದು ಅರ್ಧ ನಿಜ. ಮೊದಲನೆಯದಾಗಿ, ಮರಿ ಹೆಣ್ಣೋ ಗಂಡೋ ಎಂಬುದು ಕೆಲವು ತಿಂಗಳು ಕಳೆಯುವವರೆಗೆ ಹೊರಗಿನಿಂದ ತಿಳಿಯುವುದೇ ಇಲ್ಲ. ಎರಡನೆಯ ಸಂಗತಿ ಇನ್ನೂ ಸ್ವಾರಸ್ಯದ್ದು. ಚಿರತೆ ಹಲ್ಲಿಯ ಲಿಂಗ ನಿರ್ಧಾರವಾಗುವುದು ಮೊಟ್ಟೆಗೆ ತಾಗಿದ ಕಾವಿನಿಂದ. 26 ಡಿಗ್ರಿಯಲ್ಲಿಟ್ಟರೆ ಹೆಚ್ಚೂಕಡಿಮೆ ಎಲ್ಲ ಹೆಣ್ಣು, 32-33 ಡಿಗ್ರಿಯಲ್ಲಿ ಬಹುಪಾಲು ಗಂಡು, ಇನ್ನೂ ಮೇಲಕ್ಕೆ ಹೋದರೆ ಮತ್ತೆ ಹೆಣ್ಣು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕ್ರೂಸ್ ಮತ್ತು ಸಂಗಡಿಗರು ಈ ಹಲ್ಲಿಯ ಮೇಲೆ ದೀರ್ಘಕಾಲ ಕೆಲಸ ಮಾಡಿದರು. ಕಾವು ನಿರ್ಧರಿಸುವುದು ಲಿಂಗವನ್ನಷ್ಟೇ ಅಲ್ಲ, ಸ್ವಭಾವವನ್ನೂ ಎಂದು ಅವರು ಕಂಡರು. ಹೆಚ್ಚು ಕಾವಿನಲ್ಲಿ ಹುಟ್ಟಿದ ಹೆಣ್ಣುಗಳು ತಣ್ಣಗಿನ ಕಾವಿನಲ್ಲಿ ಹುಟ್ಟಿದ ಹೆಣ್ಣುಗಳಿಗಿಂತ ಮುಂಗೋಪಿಗಳು. ಅಂಗಡಿಯಿಂದ ತಂದ ಹಲ್ಲಿ ಮೊಟ್ಟೆಯಾಗಿದ್ದಾಗ ಎಷ್ಟು ಡಿಗ್ರಿಯಲ್ಲಿತ್ತೆಂದು ಮಾರುವವನಿಗೇ ಗೊತ್ತಿರುವುದಿಲ್ಲ. ಹೀಗಿರುವಾಗ "ಎರಡೂ ಹೆಣ್ಣು, ಹೊಂದಿಕೊಳ್ಳುತ್ತವೆ" ಎಂದು ಯಾವ ಧೈರ್ಯದ ಮೇಲೆ ಹೇಳುವುದು?

ಒಟ್ಟಿಗೆ ಸಾಕುವವರೇ ಇಲ್ಲವೆಂದಲ್ಲ. ಮರಿ ಮಾಡಿಸುವವರು ಒಂದು ಗಂಡಿನ ಜೊತೆ ಕೆಲವು ಹೆಣ್ಣುಗಳನ್ನು ಇಡುವುದು ಹಳೆಯ ರೂಢಿ. ಆದರೆ ಅವರು ಒಂದೇ ಗಾತ್ರದ ಹೆಣ್ಣುಗಳನ್ನು ಆರಿಸುತ್ತಾರೆ, ಕಾವಿನ ಜಾಗ, ಅಡಗುವ ಗೂಡು ಎಲ್ಲವೂ ತಲೆಗೊಂದರಂತೆ ಇರುತ್ತವೆ, ಪಕ್ಕದಲ್ಲಿ ಖಾಲಿ ಪೆಟ್ಟಿಗೆಗಳು ಸಿದ್ಧವಿರುತ್ತವೆ. ಒಂದು ಗೀರು ಕಂಡರೂ ಬೇರೆ ಮಾಡುತ್ತಾರೆ. ಅದು ಅವರ ಕಸುಬು. ಟಿವಿ ಸ್ಟ್ಯಾಂಡಿನ ಪಕ್ಕದ ಒಂದು ಪೆಟ್ಟಿಗೆಗೆ ಆ ಮಾದರಿ ಬರುವುದಿಲ್ಲ. ಬೇರೆ ಬೇರೆ ಗಾತ್ರದವನ್ನು ಒಟ್ಟಿಗೆ ಬಿಡುವುದಂತೂ ಅವರೂ ಒಪ್ಪುವ ಮಾತಲ್ಲ.

ಅಕ್ಕನ ಮಗ ಇಂಜಿನಿಯರಿಂಗ್ ಓದುವವನು, ಸುಲಭಕ್ಕೆ ಬಿಡುವವನಲ್ಲ. "ನಡುವೆ ಒಂದು ಗಾಜು ನಿಲ್ಲಿಸಿದರೆ?" ಎಂದ. ಅವನಿಂದಲೇ ಒಂದು ಚಿತ್ರ ಬರೆಸಿದೆ. ಚಿರತೆ ಹಲ್ಲಿಯ ಪೆಟ್ಟಿಗೆ ಒಂದು ತುದಿಯಲ್ಲಿ ಬೆಚ್ಚಗೆ, ಇನ್ನೊಂದು ತುದಿಯಲ್ಲಿ ತಣ್ಣಗೆ ಇರಬೇಕು. ಅಡಿಯಲ್ಲಿ ಥರ್ಮೋಸ್ಟಾಟ್ (ಕಾವನ್ನು ಹದದಲ್ಲಿಡುವ ಸಾಧನ) ಹಾಕಿದ ಹೀಟ್ ಮ್ಯಾಟ್, ಅಂದರೆ ಬಿಸಿಯಾಗುವ ಹಾಸು, ಒಂದು ಬದಿಗೆ ಮಾತ್ರ. ಇನ್ನೊಂದು ಬದಿ 25 ಡಿಗ್ರಿಯ ಹತ್ತಿರ. ಹಲ್ಲಿ ತನಗೆ ಬೇಕಾದಂತೆ ಅತ್ತಿಂದಿತ್ತ ಓಡಾಡಿ ಮೈಯ ಶಾಖವನ್ನು ಸರಿಮಾಡಿಕೊಳ್ಳುತ್ತದೆ. ಅಡ್ಡಕ್ಕೆ ಗಾಜು ನಿಲ್ಲಿಸಿದರೆ ಒಬ್ಬರಿಗೆ ಬರೀ ಬಿಸಿ, ಇನ್ನೊಬ್ಬರಿಗೆ ಬರೀ ತಂಪು. ಉದ್ದಕ್ಕೆ ನಿಲ್ಲಿಸಿದರೆ ಇಬ್ಬರಿಗೂ ಎರಡೂ ಸಿಗುತ್ತದೆ, ಆದರೆ ಬಲಿತ ಹಲ್ಲಿ ತಿರುಗಲೂ ಪರದಾಡುವಷ್ಟು ಇಕ್ಕಟ್ಟು. ಮೇಲಾಗಿ ಗಾಜೆಂದರೆ ಮರಿ ಹಗಲೂ ಇರುಳೂ ತನ್ನನ್ನು ದಿಟ್ಟಿಸುವ ಬೇಟೆಗಾರನ ಎದುರಿಗೇ ಇರಬೇಕು. ಅವನು ಚಿತ್ರದ ಮೇಲೆ ಪೆನ್ನು ಆಡಿಸುತ್ತ ಸ್ವಲ್ಪ ಹೊತ್ತು ಕೂತ. "ಹಾಗಾದರೆ ಎರಡನೆಯ ಪೆಟ್ಟಿಗೆಯೇ" ಎಂದ. ಅಡುಗೆಮನೆಯಿಂದ ಅಕ್ಕ, "ಅದನ್ನು ಎಲ್ಲಿಡುತ್ತೀಯಪ್ಪ, ನನ್ನ ತಲೆಯ ಮೇಲೆ?" ಎಂದಳು.

ಪ್ರಶ್ನೆ ನ್ಯಾಯವಾದದ್ದೇ. ಈಚೆಗೆ ಬಲಿತ ಹಲ್ಲಿಯೊಂದಕ್ಕೆ 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ಪೆಟ್ಟಿಗೆ ಬೇಕು ಎನ್ನುವವರು ಹೆಚ್ಚುತ್ತಿದ್ದಾರೆ, ನಾನೂ ಅದನ್ನು ಒಪ್ಪುತ್ತೇನೆ. ಮುಂಬೈಯ ಮನೆಯಲ್ಲಿ ಅಂಥದ್ದು ಎರಡು ಎಂದರೆ ಒಬ್ಬ ನೆಂಟ ಶಾಶ್ವತವಾಗಿ ಬಂದು ಇದ್ದಂತೆಯೇ. ಇಲ್ಲಿ ಒಂದೇ ಅನುಕೂಲ: ಚಿರತೆ ಹಲ್ಲಿ ಗೋಡೆ ಹತ್ತುವುದಿಲ್ಲ. ಅದರ ಬೆರಳಲ್ಲಿ ಅಂಟುವ ಮೆತ್ತೆಗಳಿಲ್ಲ, ಉಗುರು ಮಾತ್ರ. ಎತ್ತರದ ಅಗತ್ಯ ಅಷ್ಟಾಗಿ ಇಲ್ಲದಿರುವುದರಿಂದ ಗೋಡೆಯ ಕಪಾಟಿನಲ್ಲಿ ಒಂದರ ಮೇಲೊಂದು ಖಾನೆ ಮಾಡಿ ಇಡಬಹುದು. ನನ್ನವು ಹಾಗೆಯೇ ಇವೆ. ಜೀರಿಗೆಗಂತೂ ಆಗ ದೊಡ್ಡ ಪೆಟ್ಟಿಗೆ ಬೇಕೂ ಇರಲಿಲ್ಲ. ಗಾಳಿ ತೂತು ಕೊರೆದ ಅಗಲವಾದ ಪ್ಲಾಸ್ಟಿಕ್ ಡಬ್ಬಿ, ನೆಲಕ್ಕೆ ಟಿಶ್ಯೂ ಕಾಗದ, ಮೂರು ಅಡಗುಗೂಡು. ಮರಳು ಬೇಡವೆಂದೆ. ಹುಳುವಿನ ಜೊತೆ ಮರಳನ್ನೂ ನುಂಗಿ ಕರುಳು ಕಟ್ಟಿಕೊಂಡ ಮರಿಗಳ ಕಥೆ ಸಾಕಷ್ಟಿವೆ.

ಗೋಡೆ ಹತ್ತದಿರುವುದಕ್ಕೆ ಇನ್ನೊಂದು ಲಾಭವೂ ಇದೆ. ಅತ್ತೆಯ ಪಂಚಾಂಗದಲ್ಲಿ ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಎಂಬ ಪಟ್ಟಿಯಿದೆ, ತಲೆಗೊಂದು, ಭುಜಕ್ಕೊಂದು. ಮೇಲಿಂದ ಬೀಳಲಾರದ ಹಲ್ಲಿಗೆ ಆ ಪಟ್ಟಿ ಅನ್ವಯಿಸುವುದಿಲ್ಲ ಎಂದು ವಾದಿಸಿಯೇ ನಾನು ಮೊದಲ ಹಲ್ಲಿಯನ್ನು ಮನೆಯೊಳಗೆ ತಂದದ್ದು. ಲೊಚಗುಟ್ಟುವುದೂ ಇಲ್ಲ, ಹಾಗಾಗಿ ಮಾತಿನ ಮಧ್ಯೆ "ಕೃಷ್ಣ ಕೃಷ್ಣ" ಎನ್ನುವ ಪ್ರಸಂಗವೂ ಬರುವುದಿಲ್ಲ.

ಬೇರೆ ಪೆಟ್ಟಿಗೆಗೆ ಇನ್ನೊಂದು ಕಾರಣವಿದೆ, ಗಾತ್ರಕ್ಕೆ ಸಂಬಂಧಿಸಿದ್ದಲ್ಲ. ಹೊಸದಾಗಿ ಬಂದ ಯಾವ ಹಲ್ಲಿಯನ್ನೂ ಎರಡು ಮೂರು ತಿಂಗಳು ಹಳೆಯದರಿಂದ ದೂರವೇ ಇಡಬೇಕು. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಕರುಳು ಹೊಕ್ಕರೆ ಹಲ್ಲಿ ತಿಂದರೂ ಇಳಿಯುತ್ತದೆ, ಬಾಲ ಕಡ್ಡಿಯಾಗುತ್ತದೆ. ಅದಕ್ಕೆ ಭರವಸೆಯ ಮದ್ದಿಲ್ಲ. ಹಿಕ್ಕೆಯಿಂದ ಹರಡುವ ರೋಗವಾದ್ದರಿಂದ ಇಕ್ಕಳ, ನೀರಿನ ಬಟ್ಟಲು ಎಲ್ಲವೂ ಬೇರೆ ಬೇರೆ. ಕೈ ತೊಳೆದೇ ಇನ್ನೊಂದನ್ನು ಮುಟ್ಟಬೇಕು. ಜುಲೈ ತಿಂಗಳ ಮುಂಬೈಯಲ್ಲಿ ಇದು ಇನ್ನೂ ಮುಖ್ಯ. ಇವು ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣ ಕಲ್ಲುನೆಲದವು, ನಾವೋ ಬಟ್ಟೆ ಒಣಗದ ಊರಿನವರು. ತೇವದಲ್ಲಿ ಎಲ್ಲ ರೋಗಕ್ಕೂ ರೆಕ್ಕೆ ಬರುತ್ತದೆ.

ನಮ್ಮದೇ ಸೀಮೆಯಲ್ಲೂ ಇದರ ದಾಯಾದಿಗಳಿವೆ. ಮಹಾರಾಷ್ಟ್ರ, ಗುಜರಾತಿನ ಕಡೆ ಯುಬ್ಲೆಫಾರಿಸ್ ಫಸ್ಕಸ್ ಎಂಬ ಪ್ರಭೇದ, ಪೂರ್ವ ಭಾರತದಲ್ಲಿ ಯುಬ್ಲೆಫಾರಿಸ್ ಹಾರ್ಡ್‌ವಿಕಿ. ಸಾತ್ಪುರ ಬೆಟ್ಟಗಳ ಪ್ರಭೇದಕ್ಕೆ 2014ರಲ್ಲಷ್ಟೇ ಹೆಸರಿಟ್ಟರು. ಮಳೆಗಾಲದ ಚಾರಣದಲ್ಲಿ ಕಂಡದ್ದನ್ನು ಹಿಡಿದು ತಂದು "ಜೊತೆಗಿರಲಿ" ಎನ್ನುವ ಹುಡುಗರಿಗೆ ನಾನು ಕಟುವಾಗಿಯೇ ಮಾತನಾಡುತ್ತೇನೆ. ಕಾಡಿನದು ಕಾಡಿನಲ್ಲಿರಬೇಕು, ಅದರಲ್ಲಿ ಚೌಕಾಸಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ದೊಡ್ಡ ತಿದ್ದುಪಡಿ ಆಗಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಯಾವುದೇ ಸರೀಸೃಪವನ್ನು ಮನೆಗೆ ತರುವ ಮೊದಲು ಅದರ ಮೂಲ ಯಾವುದು, ಕಾಗದಪತ್ರ ಏನು ಎಂದು ಕೇಳಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಮುಲುಂಡಿನ ನಮ್ಮ ಕಟ್ಟಡದ ಹಿಂದೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಿವೆ, ಅಲ್ಲಿ ನಿಜವಾದ ಚಿರತೆಗಳೇ ಇವೆ. ಅವೂ ಒಂಟಿಯಾಗಿಯೇ ತಿರುಗುತ್ತವೆ, ಅವಕ್ಕೆ ಬೇಸರವೇ ಎಂದು ಈವರೆಗೆ ಯಾರೂ ನನ್ನನ್ನು ಕೇಳಿಲ್ಲ.

ಅಂದು ಡೊಂಬಿವಲಿಯಲ್ಲಿ ಕೊನೆಗೆ ಜೀರಿಗೆಯ ಡಬ್ಬಿ ಬೆಡ್‌ರೂಮಿನ ಕಪಾಟು ಸೇರಿತು, ಭಾವನ ಹಳೆಯ ಫೈಲುಗಳು ಅಟ್ಟ ಹತ್ತಿದವು. ಮರಿ ಮೊದಮೊದಲು ಯಾರಾದರೂ ಮುಚ್ಚಳ ತೆಗೆದರೆ ನಾಲ್ಕೂ ಕಾಲಿನ ಮೇಲೆ ಸೆಟೆದು ನಿಂತು, ಬಾಯಿ ತೆರೆದು ಕೀರಲು ದನಿಯಲ್ಲಿ ಅರಚುತ್ತಿತ್ತು. ಭಯಕ್ಕೆ ಮರಿಗಳು ಹಾಗೆ ಮಾಡುತ್ತವೆ. ದೊಡ್ಡದರ ಪಕ್ಕದಲ್ಲಿದ್ದಿದ್ದರೆ ಆ ಅರಚಾಟ ದಿನವಿಡೀ ಇರುತ್ತಿತ್ತೇನೋ. ಬೇರೆ ಇದ್ದದ್ದರಿಂದ ಬೇಗ ಪಳಗಿತು, ಇಕ್ಕಳ ಕಂಡರೆ ತಾನೇ ಮುಂದೆ ಬರತೊಡಗಿತು. ಬಾಲ ದಪ್ಪಗಾಯಿತು. ಪಟ್ಟೆಗಳು ಒಡೆದು ಚುಕ್ಕೆಗಳಾದವು.

ಮೊನ್ನೆ ಹುಡುಗ ಮತ್ತೆ ಫೋನು ಮಾಡಿದ. ಜೀರಿಗೆ 40 ಗ್ರಾಂ ದಾಟಿದೆ, ಈಗ ಗಾತ್ರದ ತಕರಾರಿಲ್ಲವಲ್ಲ, ಈಗಲಾದರೂ ಒಟ್ಟಿಗೆ ಬಿಡಬಹುದೇ ಎಂದು. ಅದನ್ನು ಪಾರದರ್ಶಕ ಡಬ್ಬಿಯಲ್ಲಿಟ್ಟು ಅಡಿಯಿಂದ ಹಿಂಗಾಲುಗಳ ನಡುವಿನ ಫೋಟೋ ತೆಗೆದು ಕಳಿಸು ಎಂದೆ. ಬಾಲದ ಬುಡಕ್ಕಿಂತ ಸ್ವಲ್ಪ ಮೇಲೆ ರಂಧ್ರಗಳ ಸಾಲು ಗೋಪುರದ ಎರಡು ಇಳಿಜಾರುಗಳಂತೆ ಮಧ್ಯದಲ್ಲಿ ಕೂಡಿತ್ತು, ಅದರ ಕೆಳಗೆ ಎರಡು ಉಬ್ಬು. ಗಂಡು. ಕಡಲೆಯ ಪೆಟ್ಟಿಗೆಗೆ ಬಿಟ್ಟರೆ ಅದು ಅವಳನ್ನು ಬಿಡದೆ ಕಾಡುತ್ತದೆ. ಒಮ್ಮೆ ಕೂಡಿದರೂ ಸಾಕು, ಹೆಣ್ಣು ವೀರ್ಯವನ್ನು ಒಳಗೇ ಕಾಪಿಟ್ಟುಕೊಂಡು ಸಲಕ್ಕೆ ಎರಡರಂತೆ ಮತ್ತೆ ಮತ್ತೆ ಮೊಟ್ಟೆಯಿಡುತ್ತದೆ, ಒಂದೊಂದು ಮೊಟ್ಟೆಗೂ ಅವಳ ಮೂಳೆಯ ಕ್ಯಾಲ್ಸಿಯಂ ಕರಗುತ್ತದೆ. ಇಷ್ಟನ್ನು ಹೇಳುತ್ತಿದ್ದಂತೆ ಫೋನು ಅಕ್ಕನ ಕೈಗೆ ಹೋಗಿತ್ತು.

"ಅಂದರೆ ಮರಿಗಳೂ ಆಗುತ್ತವೆಯೇ? ಪ್ರತಿ ಮರಿಗೂ ಬೇರೆ ಬೇರೆ ಡಬ್ಬಿಯೇ?"

ಹೌದು ಎಂದೆ.

"ಬೇಡವೇ ಬೇಡ. ಈಗ ಇರುವ ಹಾಗೆಯೇ ಇರಲಿ" ಎಂದಳು. ಆಮೇಲೆ ಕಪಾಟಿನ ಆ ಖಾನೆಗೆ ಅವಳೇ ಒಂದು ಪರದೆ ಹೊಲಿದು ಹಾಕಿದ್ದಾಳೆಂದು ಹುಡುಗ ಹೇಳಿದ.